ಹೋಮ್‌ಬ್ರೂ ಕ್ಯಾಂಪೇನ್‌ಗೆ ರೇಸ್, ಕ್ಲಾಸ್ ಆರಿಸಿಕೊಳ್ಳುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತ ಕತೆ ಕಟ್ಟುವ ಆಟ. ಅದನ್ನು ಆಡಲು ಹೊರಟವರು ಸಾಮಾನ್ಯವಾಗಿ ಮೊದಲು ಪುಸ್ತಕ ತೆರೆಯುತ್ತಾರೆ. ಚಿತ್ರಗಳನ್ನು ನೋಡುತ್ತಾರೆ. ಕಣ್ಣಿಗೆ ಹಿಡಿಸಿದ ಒಂದು ರೇಸ್ (ಪಾತ್ರದ ಜನಾಂಗ), ಒಂದು ಕ್ಲಾಸ್ (ಪಾತ್ರದ ಕಸುಬು) ಆರಿಸಿಬಿಡುತ್ತಾರೆ. ಅಚ್ಚಾಗಿ ಬಂದ ಕ್ಯಾಂಪೇನ್ (ಹಲವು ಸಲ ಕೂತು ಆಡುವ ದೊಡ್ಡ ಕತೆ) ಆದರೆ ಇದು ಬಹುಮಟ್ಟಿಗೆ ನಡೆಯುತ್ತದೆ. ಆದರೆ ಹೋಮ್‌ಬ್ರೂ ಅಂದರೆ ನಿಮ್ಮ ಡಿಎಂ (ಡಂಜನ್ ಮಾಸ್ಟರ್, ಕತೆ ನಡೆಸುವವರು) ತಾನೇ ಕೂತು ಕಟ್ಟಿದ ಲೋಕ. ಅಲ್ಲಿ ಎಲ್ಫ್ ಎಂಬ ರೇಸೇ ಇಲ್ಲದಿರಬಹುದು. ದೇವರುಗಳು ಮಾತು ನಿಲ್ಲಿಸಿ ಎಷ್ಟೋ ಕಾಲ ಆಗಿರಬಹುದು. ಮಂತ್ರ ಹಾಕುವವರನ್ನು ಕಾವಲುಗಾರರು ಹಿಡಿದೊಯ್ಯುತ್ತಿರಬಹುದು. ಇದೊಂದೂ ಗೊತ್ತಿಲ್ಲದೆ ಮಾಡಿದ ಕ್ಯಾರೆಕ್ಟರ್ ಆ ಕತೆಗೆ ಅಂಟುವುದೇ ಇಲ್ಲ.

ಅದಕ್ಕೇ ನಾನು ಹೇಳುವ ಕ್ರಮ ಇದು: ಲೋಕ ಮೊದಲು, ಆಮೇಲೆ ಕ್ಲಾಸ್, ಅದಾದ ಮೇಲೆ ರೇಸ್, ಪಾತ್ರದ ಗುಣಗಳನ್ನು ಅಳೆಯುವ ಅಂಕಿಗಳು ಎಲ್ಲಕ್ಕಿಂತ ಕೊನೆಗೆ. ಬಹಳಷ್ಟು ಜನ ಇದನ್ನು ಪೂರ್ತಿ ತಿರುವುಮುರುವು ಮಾಡುತ್ತಾರೆ.

ಶುರು ಮಾಡುವ ಮುನ್ನ: ಯಾವ ಪುಸ್ತಕ?

ಈ ಆಟ ಮೊದಲು ಬಂದಿದ್ದು 1974ರಲ್ಲಿ. ಈಗ ಹೆಚ್ಚಿನವರು ಆಡುವುದು ಐದನೇ ಎಡಿಷನ್. ಅದರಲ್ಲೇ ಎರಡು ರೂಪ ಇವೆ: 2014ರದ್ದು, 2024ರಲ್ಲಿ ಪರಿಷ್ಕರಿಸಿದ್ದು. ನಿಮ್ಮ ಟೇಬಲ್ ಯಾವುದನ್ನು ಬಳಸುತ್ತದೆ ಎಂದು ಮೊದಲೇ ಕೇಳಿ, ಏಕೆಂದರೆ ವ್ಯತ್ಯಾಸ ಸಣ್ಣದಲ್ಲ.

ಎರಡರಲ್ಲೂ 12 ಕ್ಲಾಸ್‌ಗಳಿವೆ. 2014ರ ಪುಸ್ತಕದಲ್ಲಿ 9 ರೇಸ್‌ಗಳು. 2024ರದ್ದರಲ್ಲಿ ರೇಸ್ ಎನ್ನುವ ಬದಲು ಸ್ಪೀಷೀಸ್ ಎಂದು ಕರೆದಿದ್ದಾರೆ, ಅವು 10. ಹಾಫ್-ಎಲ್ಫ್, ಹಾಫ್-ಓರ್ಕ್ ಹೋಗಿ ಓರ್ಕ್, ಗೋಲಿಯತ್, ಆಸಿಮಾರ್ ಸೇರಿವೆ. ಇನ್ನೊಂದು ದೊಡ್ಡ ಬದಲಾವಣೆ: 2014ರಲ್ಲಿ ಸ್ಟ್ರೆಂತ್ (ಬಲ), ಡೆಕ್ಸ್ಟೆರಿಟಿ (ಚುರುಕು) ಇಂಥ ಗುಣಗಳ ಅಂಕಿಗಳಿಗೆ ಸಿಗುವ ಹೆಚ್ಚುವರಿ ರೇಸ್‌ನಿಂದ ಬರುತ್ತಿತ್ತು. 2024ರಲ್ಲಿ ಅದು ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿನ್ನೆಲೆಯಿಂದ) ಬರುತ್ತದೆ. ನಾನು ಇಲ್ಲಿ ಹೆಚ್ಚಾಗಿ 2014ರ ನಿಯಮಗಳನ್ನೇ ಹಿಡಿದು ಹೇಳುತ್ತೇನೆ.

ದುಡ್ಡು ಕೊಟ್ಟು ಪುಸ್ತಕ ಕೊಳ್ಳಲೇಬೇಕು ಅಂತೇನಿಲ್ಲ. ಐದನೇ ಎಡಿಷನ್‌ನ ಮೂಲ ನಿಯಮಗಳಿರುವ ಎಸ್‌ಆರ್‌ಡಿ ಎಂಬ ದಾಖಲೆ 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ. ಹನ್ನೆರಡೂ ಕ್ಲಾಸ್‌ಗಳು ಅದರಲ್ಲಿವೆ. ಮೊದಲ ಕ್ಯಾರೆಕ್ಟರ್‌ಗೆ ಅದು ಸಾಕು.

ಮೊದಲ ಹೆಜ್ಜೆ: ಡಿಎಂ ಜೊತೆ ಕೂತು ಮಾತಾಡಿ

ಆಟ ಶುರುವಾಗುವ ಮೊದಲು ಎಲ್ಲರೂ ಒಮ್ಮೆ ಸೇರಿ ಮಾತಾಡುವುದನ್ನು ಸೆಷನ್ ಝೀರೋ ಎನ್ನುತ್ತಾರೆ. ಹೋಮ್‌ಬ್ರೂನಲ್ಲಿ ಇದನ್ನು ಬಿಡಲೇಬಾರದು. ಅಲ್ಲಿ "ನಾನು ಏನು ಆಗಬಹುದು?" ಎಂದು ಕೇಳುವ ಬದಲು "ನಿಮ್ಮ ಲೋಕ ಹೇಗಿದೆ?" ಎಂದು ಕೇಳಿ. ಲೋಕ ಕಟ್ಟಿದವರಿಗೆ ಇದಕ್ಕಿಂತ ಖುಷಿ ಕೊಡುವ ಪ್ರಶ್ನೆ ಇನ್ನೊಂದಿಲ್ಲ.

ಮೊದಲು ತಿಳಿಯಬೇಕಾದ್ದು ಮಂತ್ರಶಕ್ತಿಯ ಸ್ಥಾನ. ಬೀದಿಗೊಬ್ಬ ಮಂತ್ರಗಾರ ಇದ್ದಾನೆಯೇ, ಅಥವಾ ಜನ ಮಂತ್ರ ಕಂಡರೆ ಹೆದರುತ್ತಾರೆಯೇ? ಕ್ಲೆರಿಕ್ ಎಂಬ ಕ್ಲಾಸ್‌ಗೆ ಶಕ್ತಿ ದೇವರಿಂದ ಬರುತ್ತದೆ. ವಾರ್ಲಾಕ್‌ಗೆ ಯಾವುದೋ ದೊಡ್ಡ ಶಕ್ತಿಯ ಜೊತೆ ಮಾಡಿಕೊಂಡ ಒಪ್ಪಂದದಿಂದ. ಸಾರ್ಸರರ್‌ಗೆ ಅದು ಹುಟ್ಟಿನಿಂದಲೇ ಇರುತ್ತದೆ. ವಿಝರ್ಡ್ ಓದಿ ಕಲಿಯುತ್ತಾನೆ. ಈ ನಾಲ್ಕೂ ಮೂಲಗಳು ನಿಮ್ಮ ಡಿಎಂನ ಲೋಕದಲ್ಲಿ ಇವೆಯೇ? ದೇವರೇ ಇಲ್ಲದ ಲೋಕದಲ್ಲಿ ಕ್ಲೆರಿಕ್ ಆಗಬಾರದು ಅಂತಲ್ಲ. "ಹಾಗಾದರೆ ಇವಳಿಗೆ ಶಕ್ತಿ ಎಲ್ಲಿಂದ ಬರುತ್ತಿದೆ?" ಎನ್ನುವುದೇ ಇಡೀ ಕ್ಯಾಂಪೇನ್‌ನ ಗುಟ್ಟು ಆಗಬಹುದು. ಆದರೆ ಅದನ್ನು ಇಬ್ಬರೂ ಸೇರಿ ತೀರ್ಮಾನ ಮಾಡಬೇಕು.

ಎರಡನೆಯದು ಜಾಗ. ಕತೆ ನಡೆಯುವುದು ನಗರದಲ್ಲೋ, ಕಾಡಿನಲ್ಲೋ, ಸಮುದ್ರದ ಮೇಲೋ, ನೆಲದಡಿಯಲ್ಲೋ? 2014ರ ರೇಂಜರ್ (ಕಾಡುಮೇಡು ಬಲ್ಲ ಬೇಟೆಗಾರ) ಮೊದಲ ಲೆವೆಲ್‌ನಲ್ಲೇ, ಅಂದರೆ ಪಾತ್ರ ಬೆಳೆಯುತ್ತ ಏರುವ ಮೆಟ್ಟಿಲುಗಳಲ್ಲಿ ಮೊದಲನೆಯದರಲ್ಲೇ, ತನಗೆ ಪರಿಚಯ ಇರುವ ಒಂದು ಬಗೆಯ ಪ್ರದೇಶ ಆರಿಸಬೇಕು: ಕಾಡು, ಮರುಭೂಮಿ, ಬೆಟ್ಟ, ಕರಾವಳಿ, ಹೀಗೆ. ನೀವು ಕಾಡು ಎಂದು ಬರೆದುಕೊಂಡು, ಡಿಎಂ ಇಡೀ ಕತೆಯನ್ನು ಒಂದೇ ಊರಿನ ಗಲ್ಲಿಗಳಲ್ಲಿ ನಡೆಸಿದರೆ ಆ ಶಕ್ತಿ ಸುಮ್ನೆ ಕಾಗದದ ಮೇಲೆ ಕೂತಿರುತ್ತದೆ. ಡ್ರೋ ಎಂಬ ಎಲ್ಫ್‌ಗಳಿಗೆ ಕತ್ತಲಲ್ಲಿ 120 ಅಡಿ ಕಾಣುತ್ತದೆ, ಆದರೆ ಬಿಸಿಲಿನಲ್ಲಿ ಏಟು ಗುರಿ ಮುಟ್ಟುವುದು ಕಷ್ಟ. ನೆಲದಡಿಯ ಕತೆಗೆ ಅವರು ಹೇಳಿ ಮಾಡಿಸಿದ ಹಾಗೆ. ಮರುಭೂಮಿಯ ಕತೆಯಲ್ಲಿ ಪ್ರತಿ ಹಗಲೂ ಗೋಳು.

ಮೂರನೆಯದು ಕತೆಯ ಸ್ವಭಾವ. ಜಾಸ್ತಿ ಹೊಡೆದಾಟವೋ, ಮಾತುಕತೆಯೋ, ಪತ್ತೇದಾರಿಯೋ, ಬದುಕಿ ಉಳಿಯುವ ಹೋರಾಟವೋ? ಕೊನೆಯದರ ಬಗ್ಗೆ ಒಂದು ಎಚ್ಚರಿಕೆ. ಊಟ ನೀರಿಗೆ ಪರದಾಡುವ ಕತೆಯನ್ನು ಡಿಎಂ ಆಸೆಯಿಂದ ಕಟ್ಟಿರುತ್ತಾರೆ ಅಂದುಕೊಳ್ಳಿ. ಪ್ರಕೃತಿಯ ಮಂತ್ರ ಹಾಕುವ ಮೊದಲ ಲೆವೆಲ್ ಡ್ರೂಯಿಡ್ ಗುಡ್‌ಬೆರಿ ಎಂಬ ಒಂದೇ ಮಂತ್ರದಿಂದ ಹತ್ತು ಹಣ್ಣು ಸೃಷ್ಟಿಸಬಲ್ಲಳು. ಒಂದು ಹಣ್ಣು ತಿಂದರೆ ಒಬ್ಬರಿಗೆ ಒಂದು ದಿನದ ಹೊಟ್ಟೆ ತುಂಬುತ್ತದೆ. ಕತೆಯ ಅರ್ಧ ಬಿಗಿ ಅಲ್ಲೇ ಸಡಿಲ. ಡ್ರೂಯಿಡ್ ಆಗುವುದು ತಪ್ಪಲ್ಲ, ಮೊದಲೇ ಹೇಳಿದರೆ ಡಿಎಂ ಅದಕ್ಕೆ ಒಂದು ದಾರಿ ಹುಡುಕುತ್ತಾರೆ. ಹಾರುವ ರೇಸ್‌ಗಳದ್ದೂ ಇದೇ ಕತೆ. ಅರಾಕೋಕ್ರಾ ಎಂಬ ಹಕ್ಕಿಮನುಷ್ಯರಿಗೆ ಮೊದಲ ಲೆವೆಲ್‌ನಿಂದಲೇ ರೆಕ್ಕೆ. ಕಂದಕ, ಕೋಟೆಗೋಡೆ, ಹಗ್ಗದ ಸೇತುವೆ, ಯಾವುದೂ ಅವರಿಗೆ ಅಡ್ಡಿಯಲ್ಲ. ಅದಕ್ಕೇ ಎಷ್ಟೋ ಡಿಎಂಗಳು ಬೇಡ ಎನ್ನುತ್ತಾರೆ. ಬೇಡ ಅಂದರೆ ವಾದ ಮಾಡಬೇಡಿ.

ಕೊನೆಯದಾಗಿ ಲೆವೆಲ್. ಯಾವ ಲೆವೆಲ್‌ನಿಂದ ಶುರು, ಸುಮಾರು ಎಲ್ಲಿಯವರೆಗೆ? ಹೆಚ್ಚಿನ ಕ್ಲಾಸ್‌ಗಳಲ್ಲಿ ಸಬ್‌ಕ್ಲಾಸ್ (ಕ್ಲಾಸ್‌ನೊಳಗಿನ ಒಂದು ಶಾಖೆ) ಸಿಗುವುದೇ ಮೂರನೇ ಲೆವೆಲ್‌ನಲ್ಲಿ. ಹೊಡೆದಾಟದ ಕ್ಲಾಸ್‌ಗಳಾದ ಫೈಟರ್, ಪಾಲಡಿನ್, ಬಾರ್ಬೇರಿಯನ್‌ಗಳು ಐದನೇ ಲೆವೆಲ್‌ನಲ್ಲಿ ಒಂದೇ ಸರದಿಗೆ ಎರಡು ಏಟು ಹಾಕಲು ಶುರು ಮಾಡುತ್ತಾರೆ. ವಿಝರ್ಡ್‌ಗೆ ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರ ಸಿಗುವುದೂ ಐದರಲ್ಲೇ. ಹನ್ನೆರಡನೇ ಲೆವೆಲ್‌ನಲ್ಲಿ ಅರಳುವ ಕ್ಯಾರೆಕ್ಟರ್‌ನ ಕನಸು ಕಂಡು, ಕ್ಯಾಂಪೇನ್ ಆರಕ್ಕೆ ಮುಗಿದರೆ ಏನು ಬಂತು?

ಎರಡನೇ ಹೆಜ್ಜೆ: ನಿಮ್ಮ ಸರದಿ ಬಂದಾಗ ಏನು ಮಾಡಬೇಕು ಅನಿಸುತ್ತದೆ?

ಈಗ ಕ್ಲಾಸ್. ರೇಸ್‌ಗಿಂತ ಮೊದಲು ಕ್ಲಾಸ್ ಯಾಕೆ? ಆಟದಲ್ಲಿ ನಿಮ್ಮ ಕೈಗಳು ಮಾಡುವ ಕೆಲಸವನ್ನು ನಿರ್ಧರಿಸುವುದು ಕ್ಲಾಸ್. ರೇಸ್ ಆಗೊಮ್ಮೆ ಈಗೊಮ್ಮೆ ಕೆಲಸಕ್ಕೆ ಬರುತ್ತದೆ. ಕ್ಲಾಸ್ ಪ್ರತಿ ಸರದಿಯಲ್ಲೂ ನಿಮ್ಮ ಮುಂದೆ ಇರುತ್ತದೆ.

ಪುಸ್ತಕದಲ್ಲಿ ಕ್ಲಾಸ್‌ನ ವರ್ಣನೆ ಚೆನ್ನಾಗಿರುತ್ತದೆ. ಅದಕ್ಕೆ ಮರುಳಾಗುವ ಮೊದಲು ಮನಸ್ಸಿನಲ್ಲೇ ಒಂದು ಹೊಡೆದಾಟ ಕಲ್ಪಿಸಿಕೊಳ್ಳಿ. ನಿಮ್ಮ ಸರದಿ ಬಂತು. ನಿಮಗೆ ಯಾವುದು ಖುಷಿ?

ಮುಂದೆ ನುಗ್ಗಿ ಹೊಡೆಯುವುದು, ಹೊಡೆಸಿಕೊಂಡೂ ನಿಲ್ಲುವುದು ಇಷ್ಟ ಎಂದಾದರೆ ಬಾರ್ಬೇರಿಯನ್. ಎಲ್ಲ ಕ್ಲಾಸ್‌ಗಳಲ್ಲಿ ಅತಿ ದೊಡ್ಡ ಹಿಟ್ ಡೈಸ್ (ಎಷ್ಟು ಏಟು ತಾಳಬಲ್ಲರು ಎಂದು ತೀರ್ಮಾನಿಸುವ ಡೈಸ್) ಅವರದ್ದು, 12 ಮುಖದ್ದು. ರೇಜ್ ಎಂಬ ರೋಷದ ಶಕ್ತಿ ಶುರುವಾದರೆ ಮಾಮೂಲಿ ಆಯುಧಗಳ ಏಟಿನ ಅರ್ಧ ನೋವು ಮಾತ್ರ. ಆದರೆ ಆ ಹೊತ್ತಿನಲ್ಲಿ ಮಂತ್ರ ಹಾಕಲು ಆಗುವುದಿಲ್ಲ. ಫೈಟರ್ ಇನ್ನೂ ಸರಳ, ಜೊತೆಗೆ ಎಲ್ಲ ಬಗೆಯ ಆಯುಧ, ಕವಚ ಬಳಸಬಲ್ಲ. ಮೊದಲ ಸಲ ಆಡುವವರಿಗೆ ನಾನು ಕಣ್ಣುಮುಚ್ಚಿ ಫೈಟರ್ ಎನ್ನುತ್ತೇನೆ. ಕೆಲವರು ಇದನ್ನು ಸಪ್ಪೆ ಎನ್ನುತ್ತಾರೆ. ನನಗೆ ಹಾಗೆ ಅನಿಸಿಲ್ಲ. ನಿಯಮಗಳ ಭಾರ ಕಡಿಮೆ ಇದ್ದಾಗ ಕತೆಯ ಕಡೆ ಗಮನ ಕೊಡಲು ಆಗುತ್ತದೆ.

ಕದ್ದು ಹೋಗಿ ಒಂದೇ ಸರಿಯಾದ ಏಟು ಹಾಕುವುದು ಇಷ್ಟವಾದರೆ ರೋಗ್. ಸ್ನೀಕ್ ಅಟ್ಯಾಕ್‌ನ ಹೆಚ್ಚುವರಿ ನೋವು ಮೊದಲ ಲೆವೆಲ್‌ನಲ್ಲಿ ಆರು ಮುಖದ ಒಂದು ಡೈಸ್, ಆಮೇಲೆ ಎರಡು ಲೆವೆಲ್‌ಗೊಮ್ಮೆ ಒಂದೊಂದು ಜಾಸ್ತಿ. ಬೀಗ, ಬಲೆ, ಗುಟ್ಟು, ಸುಳ್ಳು ತುಂಬಿದ ನಗರದ ಕತೆಗಳಲ್ಲಿ ರೋಗ್‌ಗೆ ಕೆಲಸ ಮುಗಿಯುವುದೇ ಇಲ್ಲ.

ಆಯ್ಕೆಗಳ ರಾಶಿಯಲ್ಲಿ ಯೋಚಿಸಿ ಒಂದನ್ನು ತೆಗೆಯುವುದೇ ನಿಮಗೆ ಆಟದ ಸುಖವೇ? ಹಾಗಿದ್ದರೆ ವಿಝರ್ಡ್. ಆರು ಮಂತ್ರಗಳ ಪುಸ್ತಕದಿಂದ ಶುರುವಾಗಿ ಅದು ಬೆಳೆಯುತ್ತಲೇ ಹೋಗುತ್ತದೆ. ಪ್ರತಿದಿನ ಬೆಳಗ್ಗೆ ಯಾವ ಮಂತ್ರ ಸಿದ್ಧ ಮಾಡಿಕೊಳ್ಳಬೇಕು ಎಂದು ತೀರ್ಮಾನಿಸಬೇಕು. ಮನೆಯಲ್ಲಿ ಸ್ವಲ್ಪ ಓದಿಕೊಂಡು ಬರುವವರಿಗೆ ಇದು ಸರಿ. ಓದಲು ಪುರುಸೊತ್ತಿಲ್ಲ, ಆದರೂ ಮಂತ್ರ ಬೇಕು ಎನ್ನುವವರಿಗೆ ವಾರ್ಲಾಕ್ ಇದೆ. ಎರಡರಿಂದ ಹತ್ತನೇ ಲೆವೆಲ್‌ವರೆಗೆ ಕೈಯಲ್ಲಿ ಎರಡೇ ಸ್ಲಾಟ್ (ಮಂತ್ರ ಹಾಕುವ ಅವಕಾಶ), ಆದರೆ ಒಂದು ಸಣ್ಣ ವಿಶ್ರಾಂತಿ ಸಿಕ್ಕರೆ ಅವು ಮತ್ತೆ ತುಂಬುತ್ತವೆ. ನಿಮ್ಮ ಡಿಎಂ ಸಣ್ಣ ವಿಶ್ರಾಂತಿಗಳಿಗೆ ಅವಕಾಶ ಕೊಡುವವರೇ ಎಂದು ಕೇಳಿಕೊಳ್ಳಿ. ಕೊಡದವರ ಟೇಬಲ್‌ನಲ್ಲಿ ವಾರ್ಲಾಕ್ ಒಣಗುತ್ತಾನೆ.

ಜೊತೆಯವರನ್ನು ಗೆಲ್ಲಿಸುವುದರಲ್ಲಿ ಖುಷಿ ಪಡುವವರಿಗೆ ಬಾರ್ಡ್ (ಹಾಡಿನಿಂದ ಮಂತ್ರ ಹಾಕುವವರು), ಕ್ಲೆರಿಕ್. ಇಲ್ಲೊಂದು ಹಳೆಯ ನಂಬಿಕೆಯನ್ನು ಬಿಡಿಸಬೇಕು. "ಗಾಯ ವಾಸಿ ಮಾಡಲು ಪಾರ್ಟಿಯಲ್ಲಿ (ಪಾತ್ರಗಳ ತಂಡದಲ್ಲಿ) ಒಬ್ಬ ಕ್ಲೆರಿಕ್ ಇರಲೇಬೇಕು, ಬೇರೆ ಯಾರೂ ಆಗದಿದ್ದರೆ ಕೊನೆಗೆ ಬಂದವರು ಆಗಬೇಕು" ಎನ್ನುವ ಮಾತು ಇನ್ನೂ ಕೇಳಿಬರುತ್ತದೆ. ಐದನೇ ಎಡಿಷನ್‌ನಲ್ಲಿ ಇದು ನಿಜವಲ್ಲ. ಬಾರ್ಡ್, ಡ್ರೂಯಿಡ್, ಪಾಲಡಿನ್, ರೇಂಜರ್, ಎಲ್ಲರೂ ಗಾಯ ವಾಸಿ ಮಾಡಬಲ್ಲರು. ಹೀಲಿಂಗ್ ವರ್ಡ್ ಎಂಬ ಮೊದಲ ಲೆವೆಲ್ ಮಂತ್ರ ಕ್ಲೆರಿಕ್, ಬಾರ್ಡ್, ಡ್ರೂಯಿಡ್ ಮೂವರಿಗೂ ಇದೆ. 60 ಅಡಿ ದೂರದಿಂದಲೇ, ಬೋನಸ್ ಆ್ಯಕ್ಷನ್‌ನಲ್ಲಿ (ಸರದಿಯಲ್ಲಿ ಸಿಗುವ ಸಣ್ಣ ಹೆಚ್ಚುವರಿ ಅವಕಾಶದಲ್ಲಿ), ಬಿದ್ದವರನ್ನು ಎಬ್ಬಿಸುತ್ತದೆ. ಬೇರೆಯವರಿಗಾಗಿ ಇಷ್ಟವಿಲ್ಲದ ಕ್ಲಾಸ್ ಹೊತ್ತುಕೊಂಡವರು ಕೆಲವೇ ವಾರಗಳಲ್ಲಿ ಆಟಕ್ಕೆ ಬರುವುದನ್ನೇ ಬಿಡುತ್ತಾರೆ. ದಯವಿಟ್ಟು ಯಾರ ಮೇಲೂ ಹಾಗೆ ಹೊರಿಸಬೇಡಿ.

ಹಾಗಂತ ಪಾರ್ಟಿಯನ್ನು ಪೂರ್ತಿ ಮರೆಯಬಾರದು. ನಾಲ್ವರೂ ಕಳ್ಳರೇ ಆದರೆ ಬಾಗಿಲು ತೆರೆಯುವವರು ನಾಲ್ವರು, ಮುಂದೆ ನಿಲ್ಲುವವರು ಯಾರೂ ಇಲ್ಲ. ಅದೂ ಒಂದು ಚಂದದ ಕತೆಯೇ, ಆದರೆ ಡಿಎಂಗೆ ಮೊದಲೇ ಗೊತ್ತಿರಬೇಕು. ಮಂಕ್ (ಬರಿಗೈಯಲ್ಲಿ ಹೊಡೆದಾಡುವ ಸನ್ಯಾಸಿ), ಪಾಲಡಿನ್ (ಪ್ರತಿಜ್ಞೆ ತೊಟ್ಟ ಯೋಧ) ಬಗ್ಗೆ ನಾನು ಹೆಚ್ಚು ಹೇಳಿಲ್ಲ. ಎರಡೂ ಚೆನ್ನಾಗಿವೆ, ಎರಡಕ್ಕೂ ಒಳ್ಳೆಯ ಅಂಕಿಗಳು ಎರಡು ಮೂರು ಕಡೆ ಬೇಕು. ಎರಡನೇ ಕ್ಯಾರೆಕ್ಟರ್‌ಗೆ ಇಟ್ಟುಕೊಳ್ಳಿ.

ಮೂರನೇ ಹೆಜ್ಜೆ: ರೇಸ್, ಅಂದರೆ ಲೋಕದಲ್ಲಿ ನಿಮ್ಮ ಜಾಗ

ಹೋಮ್‌ಬ್ರೂ ಬೇರೆಯೇ ಆಗುವುದು ಇಲ್ಲಿ. ಪುಸ್ತಕದ ಡ್ವಾರ್ಫ್ (ಗಿಡ್ಡ, ಗಟ್ಟಿ ಮೈಯವನು) ಬೆಟ್ಟದೊಳಗೆ ಗಣಿ ತೋಡುತ್ತಾನೆ. ನಿಮ್ಮ ಡಿಎಂನ ಡ್ವಾರ್ಫ್ ಹಡಗು ಕಟ್ಟುವವನಿರಬಹುದು. ಆದ್ದರಿಂದ ಮೊದಲು ಆ ಜನರ ಬಗ್ಗೆ ಕೇಳಿ: ಇವರು ಎಲ್ಲಿ ಬದುಕುತ್ತಾರೆ? ಹಿಂದೆ ಏನಾಯಿತು? ಬೇರೆಯವರು ಇವರನ್ನು ಹೇಗೆ ನೋಡುತ್ತಾರೆ? ಮೂರನೇ ಪ್ರಶ್ನೆ ಬಹಳ ಮುಖ್ಯ. ಟೀಫ್ಲಿಂಗ್‌ಗಳನ್ನು (ದೆವ್ವದ ವಂಶದ, ಕೊಂಬಿರುವ ಜನರನ್ನು) ಊರೊಳಗೆ ಬಿಡದ ಲೋಕದಲ್ಲಿ ನೀವು ಟೀಫ್ಲಿಂಗ್ ಆದರೆ, ಪ್ರತಿ ಊರ ಬಾಗಿಲಲ್ಲೂ ಆ ಅವಮಾನ ಎದುರಿಸಬೇಕು. ಕೆಲವರಿಗೆ ಅದನ್ನು ಎದುರಿಸಿ ಗೆಲ್ಲುವ ಕತೆ ಬೇಕು. ಇನ್ನು ಕೆಲವರಿಗೆ ನಿಜ ಜೀವನದಲ್ಲೇ ಅದು ಸಾಕಷ್ಟಾಗಿದೆ, ವಾರಾಂತ್ಯದ ಆಟದಲ್ಲೂ ಬೇಡ. ಎರಡೂ ಸರಿಯೇ. ನಿಮಗೆ ಯಾವುದು ಬೇಕು ಎನ್ನುವುದನ್ನು ಬಾಯಿಬಿಟ್ಟು ಹೇಳಿ.

ಆಮೇಲೆ ನಿಯಮಗಳ ಕಡೆ ನೋಡಿ. ಆದರೆ ಅಂಕಿಗೆ ಸಿಗುವ ಹೆಚ್ಚುವರಿಯನ್ನು ಬಿಟ್ಟು ಉಳಿದದ್ದನ್ನು ನೋಡಿ, ಏಕೆಂದರೆ ಆಟದಲ್ಲಿ ನೆನಪಿನಲ್ಲಿ ಉಳಿಯುವುದು ಅವೇ. ಹಾಫ್ಲಿಂಗ್ ಎಂಬ ಗಿಡ್ಡ ಜನರಿಗೆ ಇಪ್ಪತ್ತು ಮುಖದ ಡೈಸ್‌ನಲ್ಲಿ 1 ಬಿದ್ದರೆ ಮತ್ತೆ ಉರುಳಿಸುವ ಅದೃಷ್ಟ ಇದೆ. ಎಲ್ಫ್‌ಗಳು ನಿದ್ದೆಯ ಬದಲು ನಾಲ್ಕು ಗಂಟೆ ಧ್ಯಾನ ಮಾಡಿದರೆ ಸಾಕು, ರಾತ್ರಿ ಕಾವಲಿಗೆ ಅವರೇ ಸೈ. ಹಾಫ್-ಓರ್ಕ್ ಬೀಳಬೇಕಾದ ಏಟಿಗೂ ಒಮ್ಮೆ 1 ಹಿಟ್ ಪಾಯಿಂಟ್ (ಜೀವದ ಅಂಕ) ಉಳಿಸಿಕೊಂಡು ನಿಲ್ಲುತ್ತಾನೆ. ಡ್ವಾರ್ಫ್‌ಗಳಿಗೆ ವಿಷ ಅಷ್ಟಾಗಿ ತಾಗುವುದಿಲ್ಲ. ಮನುಷ್ಯರಿಗೆ ಕತ್ತಲಲ್ಲಿ ಕಾಣುವುದಿಲ್ಲ. ಪಾರ್ಟಿಯಲ್ಲಿ ಎಲ್ಲರಿಗೂ ಕತ್ತಲಲ್ಲಿ ಕಂಡು ನಿಮಗೊಬ್ಬರಿಗೆ ಕಾಣದಿದ್ದರೆ, ಗುಹೆಯಲ್ಲಿ ಪಂಜು ಹಚ್ಚಿ ಎಲ್ಲರನ್ನೂ ಸಿಕ್ಕಿಸಿಹಾಕುವವರು ನೀವೇ ಆಗುತ್ತೀರಿ.

ನಿಮಗೆ ಪುಸ್ತಕದಲ್ಲೇ ಇಲ್ಲದ ಜನ ಬೇಕು ಅಂದುಕೊಳ್ಳಿ. ನರಿಯ ಮುಖದ ಗಿಡ್ಡ ಜನ, ಉದಾಹರಣೆಗೆ. ಹೊಸ ನಿಯಮ ಬರೆಯಲು ಹೋಗಬೇಡಿ. ಹಾಫ್ಲಿಂಗ್ ನಿಯಮಗಳನ್ನು ಹಾಗೇ ಇಟ್ಟು ರೂಪ ಮಾತ್ರ ಬದಲಿಸಿ. ಗಿಡ್ಡ ಮೈ, ಚುರುಕು, ಅದೃಷ್ಟ, ಎಲ್ಲ ಹೊಂದುತ್ತದೆ. ಡಿಎಂಗೆ ತೂಗಿ ನೋಡುವ ಕೆಲಸ ತಪ್ಪುತ್ತದೆ, ನಿಮಗೆ ಬೇಕಾದ್ದು ಸಿಗುತ್ತದೆ.

ಕನ್ನಡದಲ್ಲೇ ಆಡುವ ಟೇಬಲ್‌ಗಳಿಗೆ ಒಂದು ಮಾತು. ಹೆಸರುಗಳು ನಮ್ಮ ನಾಲಿಗೆಗೆ ಬರುವಂತಿರಲಿ, ಪ್ರತಿ ವಾರ ಅದನ್ನು ಕೂಗಬೇಕಾದವರು ನಿಮ್ಮ ಗೆಳೆಯರು. ಆದರೆ ಒಂದು ರೇಸ್‌ಗೆ ಒಂದು ಸೀಮೆಯ ಕನ್ನಡವನ್ನು ಅಂಟಿಸಬೇಡಿ. ಓರ್ಕ್‌ಗಳೆಲ್ಲ ಒಂದು ಜಿಲ್ಲೆಯ ಮಾತಾಡಿದರೆ ಆ ಜಿಲ್ಲೆಯವರಿಗೆ ಅದು ಆಟ ಅನಿಸುವುದಿಲ್ಲ.

ನಾಲ್ಕನೇ ಹೆಜ್ಜೆ: ಅಂಕಿಗಳು

ಬೇಗ ಮುಗಿಸೋಣ. ಡೈಸ್ ಬೇಡ ಎಂದರೆ 15, 14, 13, 12, 10, 8 ಎಂಬ ಸಿದ್ಧ ಅಂಕಿಗಳಿವೆ. ಕ್ಲಾಸ್‌ಗೆ ಬೇಕಾದ ಮುಖ್ಯ ಗುಣಕ್ಕೆ 15 ಇಡಿ. ಎರಡನೆಯದನ್ನು ಕಾನ್‌ಸ್ಟಿಟ್ಯೂಷನ್‌ಗೆ (ದೇಹದ ತಾಳಿಕೆಗೆ) ಇಡಿ, ಬದುಕಿ ಉಳಿಯಲು ಅದು ಎಲ್ಲರಿಗೂ ಬೇಕು. ಉಳಿದದ್ದು ನಿಮ್ಮ ಇಷ್ಟ. ರೇಸ್‌ನ ಹೆಚ್ಚುವರಿ ನಿಮ್ಮ ಕ್ಲಾಸ್‌ಗೆ ಹೊಂದದಿದ್ದರೆ ಗಾಬರಿ ಬೇಡ. 15 ಇದ್ದರೆ ಡೈಸ್‌ಗೆ 2 ಸೇರುತ್ತದೆ, 16 ಇದ್ದರೆ 3. ಇಪ್ಪತ್ತು ಮುಖದ ಡೈಸ್‌ನಲ್ಲಿ ಒಂದರ ವ್ಯತ್ಯಾಸ ಅಂದರೆ ನೂರಕ್ಕೆ ಐದು ಸಲ ಮಾತ್ರ. ಅಷ್ಟಕ್ಕಾಗಿ ಇಷ್ಟದ ಕ್ಯಾರೆಕ್ಟರ್ ಬಿಡುವುದು ಸರಿಯಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. 2020ರಲ್ಲಿ ಬಂದ ಐಚ್ಛಿಕ ನಿಯಮದ ಪ್ರಕಾರ ಆ ಹೆಚ್ಚುವರಿಯನ್ನು ಬೇರೆ ಗುಣಕ್ಕೆ ಸರಿಸಲೂಬಹುದು. ಡಿಎಂ ಒಪ್ಪಬೇಕು ಅಷ್ಟೇ.

ಒಂದು ಕ್ಯಾರೆಕ್ಟರ್ ಕಟ್ಟಿ ನೋಡೋಣ

ಡಿಎಂ ಹೀಗೆ ಹೇಳಿದರು ಅಂದುಕೊಳ್ಳಿ: "ಇದೊಂದು ನದಿ ರಾಜ್ಯ. ಕತೆ ಬಂದರುಗಳಲ್ಲಿ, ದೋಣಿಗಳ ಮೇಲೆ ನಡೆಯುತ್ತೆ. ಅರಮನೆಯ ಪರವಾನಗಿ ಇಲ್ಲದೆ ಮಂತ್ರ ಹಾಕೋ ಹಾಗಿಲ್ಲ. ಡ್ವಾರ್ಫ್‌ಗಳ ಬೆಟ್ಟ ಪ್ರವಾಹದಲ್ಲಿ ಮುಳುಗಿಹೋಯ್ತು, ಈಗ ಅವರು ಬಂದರಿನಲ್ಲಿ ದೋಣಿ ಕಟ್ಟಿ ಬದುಕ್ತಾರೆ. ಒಂದನೇ ಲೆವೆಲ್‌ನಿಂದ ಸುಮಾರು ಎಂಟರವರೆಗೆ."

ಆಟಗಾರ್ತಿಗೆ ಮಾತಾಡುವ, ಗುಟ್ಟು ಇಟ್ಟುಕೊಳ್ಳುವ ಕ್ಯಾರೆಕ್ಟರ್ ಬೇಕು. ಮಂತ್ರವೂ ಬೇಕು, ಉದ್ದ ಪಟ್ಟಿ ಬೇಡ. ವಿಝರ್ಡ್‌ನ ಮಂತ್ರದ ಪುಸ್ತಕ ಈ ಲೋಕದಲ್ಲಿ ಸಿಕ್ಕಿಬೀಳುವ ಸಾಕ್ಷಿ. ಸಾರ್ಸರರ್‌ಗೆ ಪುಸ್ತಕವೇ ಇಲ್ಲ. ಮೊದಲ ಲೆವೆಲ್‌ನಲ್ಲಿ ಕ್ಯಾಂಟ್ರಿಪ್‌ಗಳನ್ನು (ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರಗಳನ್ನು) ಬಿಟ್ಟರೆ ಎರಡೇ ಮಂತ್ರ. ಮೂರನೇ ಲೆವೆಲ್‌ನಲ್ಲಿ ಸಟ್ಲ್ ಸ್ಪೆಲ್ ಎಂಬ ಆಯ್ಕೆ ಸಿಗುತ್ತದೆ: ಬಾಯಿ ತೆರೆಯದೆ, ಕೈ ಆಡಿಸದೆ ಮಂತ್ರ ಹಾಕಬಹುದು. ಮಂತ್ರಕ್ಕೆ ಶಿಕ್ಷೆ ಇರುವ ಊರಿನಲ್ಲಿ ಇದಕ್ಕಿಂತ ದೊಡ್ಡ ವರ ಯಾವುದಿದೆ? ಡ್ರಾಗನ್ ರಕ್ತದ ಸಾರ್ಸರರ್ ಆದರೆ ಚರ್ಮದ ಮೇಲೆ ಅಲ್ಲಲ್ಲಿ ತೆಳ್ಳನೆಯ ಹುರುಪೆ ಮೂಡುತ್ತದೆ. ಅದನ್ನು ಕಾವಲುಗಾರರಿಂದ ಮುಚ್ಚಿಡಬೇಕು. ಗುಟ್ಟು ತಾನಾಗಿಯೇ ಸಿಕ್ಕಿತು.

ರೇಸ್? ಈ ಲೋಕದಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಡ್ವಾರ್ಫ್‌ಗಳು. ಹಿಲ್ ಡ್ವಾರ್ಫ್ ಎಂದು ಇಟ್ಟುಕೊಳ್ಳೋಣ. ಡ್ವಾರ್ಫ್ ಸಾರ್ಸರರ್ ಎಂದರೆ ಲೆಕ್ಕ ಹಾಕಿ ಆಡುವವರು ಮೂಗು ಮುರಿಯುತ್ತಾರೆ, ಏಕೆಂದರೆ ಸಾರ್ಸರರ್‌ನ ಮುಖ್ಯ ಗುಣವಾದ ಕರಿಸ್ಮಾಗೆ (ವ್ಯಕ್ತಿತ್ವದ ಸೆಳೆತಕ್ಕೆ) ಏನೂ ಸಿಗುವುದಿಲ್ಲ. ಆದರೆ ನೋಡಿ: ಕರಿಸ್ಮಾ 15, ಕಾನ್‌ಸ್ಟಿಟ್ಯೂಷನ್ 14ಕ್ಕೆ ಎರಡು ಸೇರಿ 16. ಸಾರ್ಸರರ್‌ನ ಹಿಟ್ ಪಾಯಿಂಟ್ 6, ಕಾನ್‌ಸ್ಟಿಟ್ಯೂಷನ್‌ನಿಂದ 3, ಹಿಲ್ ಡ್ವಾರ್ಫ್‌ಗೆ 1, ಡ್ರಾಗನ್ ರಕ್ತಕ್ಕೆ 1. ಒಟ್ಟು 11. ಮೊದಲ ಲೆವೆಲ್ ಮಂತ್ರಗಾರ್ತಿಗೆ ಇದು ಬಹಳ ಒಳ್ಳೆಯದು. ಏಟು ತಿಂದಾಗ ಮಂತ್ರದ ಮೇಲಿನ ಏಕಾಗ್ರತೆ ಉಳಿಸಿಕೊಳ್ಳಲು ಡೈಸ್‌ಗೆ 5 ಸೇರುತ್ತದೆ. ನಾಲ್ಕನೇ ಲೆವೆಲ್‌ನಲ್ಲಿ ಕರಿಸ್ಮಾವನ್ನು 17ಕ್ಕೆ ಏರಿಸಿದರೆ ಹಿಂದೆ ಬಿದ್ದ ಆ ಒಂದು ಅಂಕವೂ ಕೈಗೆ ಬರುತ್ತದೆ.

ಡ್ವಾರ್ಫ್‌ಗೆ ಪುಸ್ತಕದಲ್ಲಿ ಕಮ್ಮಾರನ ಅಥವಾ ಕಲ್ಲುಕುಟಿಗನ ಉಪಕರಣಗಳ ಪರಿಣತಿ ಇರುತ್ತದೆ. ಇಲ್ಲಿ ಬಡಗಿಯದ್ದಕ್ಕೆ ಬದಲಿಸಿ ಎಂದು ಡಿಎಂ ಬಳಿ ಕೇಳಬಹುದು. ಇಂಥ ಸಣ್ಣ ಬದಲಾವಣೆಗೆ ಹೆಚ್ಚಿನವರು ಒಪ್ಪುತ್ತಾರೆ.

ಡಿಎಂಗೆ ಕೊಡಬೇಕಾದ್ದು

ಹತ್ತು ಪುಟದ ಹಿನ್ನೆಲೆ ಬರೆಯಬೇಡಿ. ಡಿಎಂ ಬಳಸಿಕೊಳ್ಳಬಹುದಾದ ಮೂರು ವಿಷಯ ಸಾಕು: ಕ್ಯಾರೆಕ್ಟರ್ ಪ್ರೀತಿಸುವ ಒಬ್ಬರು, ಹೆದರುವ ಒಂದು ಸಂಗತಿ, ಇನ್ನೂ ಮುಗಿಯದ ಒಂದು ಕೆಲಸ. ನಮ್ಮ ಡ್ವಾರ್ಫ್‌ಗೆ ದೋಣಿ ಕಟ್ಟುವ ತಂಗಿ, ಪರವಾನಗಿ ಕೇಳುವ ಕಾವಲುಗಾರರು, ಮುಳುಗಿದ ಬೆಟ್ಟದಲ್ಲಿ ಉಳಿದುಹೋದ ಅಜ್ಜಿಯ ಪೆಟ್ಟಿಗೆ. ಜೊತೆಗೆ ಪಾರ್ಟಿಯ ಇನ್ನೊಬ್ಬರ ಜೊತೆ ಮೊದಲೇ ಒಂದು ಪರಿಚಯ ಇಟ್ಟುಕೊಳ್ಳಿ. ಅಪರಿಚಿತರು ಛತ್ರದಲ್ಲಿ ಭೇಟಿಯಾಗುವ ಮೊದಲ ದೃಶ್ಯ ಎಳೆದಾಡುವುದು ಅದರಿಂದ ತಪ್ಪುತ್ತದೆ.

ಇನ್ನೊಂದನ್ನು ಸೆಷನ್ ಝೀರೋದಲ್ಲೇ ಕೇಳಿಕೊಳ್ಳಿ: ಮೂರನೇ ಲೆವೆಲ್ ತಲುಪುವವರೆಗೆ ಕ್ಲಾಸ್ ಅಥವಾ ರೇಸ್ ಬದಲಿಸಲು ಬಿಡುತ್ತೀರಾ? ಆಡಿ ನೋಡದೆ ಯಾವುದು ಹೊಂದುತ್ತದೆ ಎಂದು ಪೂರ್ತಿ ಗೊತ್ತಾಗುವುದಿಲ್ಲ. ಮೊದಲ ಒಂದೆರಡು ಸೆಷನ್ ಆದ ಮೇಲೆ, ಬೇರೆಯವರ ಸರದಿಯಲ್ಲಿ ನಿಮಗೆ ಹೊಟ್ಟೆಕಿಚ್ಚಾಗುತ್ತಿದೆಯೇ ಗಮನಿಸಿ. ಪಕ್ಕದವರ ಬಾರ್ಡ್ ಮಾಡುವುದೆಲ್ಲ ನೀವೇ ಮಾಡಬೇಕು ಅನಿಸುತ್ತಿದ್ದರೆ, ಮುಂದಿನ ಸೆಷನ್‌ಗೆ ಮೊದಲೇ ಡಿಎಂಗೆ ಒಂದು ಮೆಸೇಜ್ ಹಾಕಿ.